ಒಬ್ಬನಿಗೇ ಕೇಳುತ್ತಿದ್ದ ಸದ್ದು

ನನ್ನ ಮಾತು ನಂಬಬೇಡಿ. ನಂಬಲೇಬಾರದು ಅಂತ ಹಟ ಹಿಡಿದು ಕೂತು ಓದಿ. ಎಲ್ಲಿಯತನಕ ತಡೆದುಕೊಳ್ಳುತ್ತೀರೋ ನಾನೂ ನೋಡುತ್ತೇನೆ.

ಹೈದರಾಬಾದಿನಲ್ಲಿ ನನ್ನನ್ನು ಬಲ್ಲವರು ನನ್ನ ಕಿವಿಯನ್ನು ನಂಬುತ್ತಾರೆ, ಬಾಯನ್ನು ಮಾತ್ರ ಯಾರೂ ನಂಬುವುದಿಲ್ಲ, ಅದಕ್ಕೆ ಕಾರಣವೂ ಇದೆ. ಕಾರ್ಖಾನೆಯ ಎಂಜಿನ್ ವಿಭಾಗದಲ್ಲಿ ಫಿಟ್ಟರ್ ಆಗಿದ್ದಾಗ ಒಬ್ಬ ಗೆಳೆಯನ ಸ್ಕೂಟರಿನ ಡಿಕ್ಕಿಯ ಸಂದಿಯಲ್ಲಿ ಮೂರು ನಟ್ಟು ಬಿಟ್ಟಿದ್ದೆ. ಆ ಕಟಕಟ ಸದ್ದು ಹುಡುಕುತ್ತ ಅವನು ಮೆಹದಿಪಟ್ಟಣದ ಮೆಕ್ಯಾನಿಕರ ಅಂಗಡಿ ಅಂಗಡಿ ಸುತ್ತಿದ. ಎರಡು ತಿಂಗಳಾದ ಮೇಲೆ ಸೋತು ನನ್ನ ಹತ್ತಿರ ಬಂದ. ನಾನು ಸ್ಕೂಟರಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, "ನಟ್ಟು. ಮೂರು" ಎಂದೆ. ಬಿಚ್ಚಿದರೆ ಮೂರು ನಟ್ಟು! ಆವತ್ತಿನಿಂದ ಇಡೀ ಕಾರ್ಖಾನೆಯಲ್ಲಿ ನನ್ನ ಕಿವಿಗೆ ದೊಡ್ಡ ಹೆಸರು. ಅವನಿಗೆ ಇವತ್ತಿಗೂ ವಿಷಯ ಗೊತ್ತಿಲ್ಲ. ಇದನ್ನು ಓದಿದರೆ ಓದಲಿ, ವಯಸ್ಸಾಗಿದೆ, ಅಟ್ಟಿಸಿಕೊಂಡು ಬರಲಾರ.

ನಿವೃತ್ತಿಯ ನಂತರವೂ ಆ ಹೆಸರಿನ ಮೇಲೇ ಸನತ್‌ನಗರದಲ್ಲಿ ಒಂದು ಚಿಕ್ಕ ಶೆಡ್ಡು ಹಾಕಿಕೊಂಡು ಎಂಜಿನ್ ಕೆಲಸ ಮಾಡುತ್ತಿದ್ದೇನೆ. ಅಬಿಡ್ಸ್ ಫುಟ್‌ಪಾತಿನಲ್ಲಿ ಕೊಂಡ ಡಾಕ್ಟರರ ಸ್ಟೆತಸ್ಕೋಪು ನನ್ನ ಹತ್ತಿರ ಇದೆ. ಅದರ ತುದಿಯ ಬಿಲ್ಲೆ ಕಿತ್ತು ಉಕ್ಕಿನ ಸರಳು ಕೂಡಿಸಿದ್ದೇನೆ. ಗಿರಾಕಿ ಎದುರಿಗಿದ್ದರೆ ಅದನ್ನು ಕೊರಳಿಗೆ ಹಾಕಿಕೊಂಡೇ ಚಹಾ ಕುಡಿಯುತ್ತೇನೆ.

ಒಂದು ಬೇಸಿಗೆಯ ಸೋಮವಾರ ಒಬ್ಬ ಚಾಲಕ ಶೆಡ್ಡಿಗೆ ಬಂದ. ಸೇಡಂ ಕಡೆಯವನು, ನಲವತ್ತು ದಾಟಿದವನು. ಒಂದು ಕಾರ್ಖಾನೆಯ ಕಾಲೊನಿಯ ತೋಟಕ್ಕೆ ನೀರಿನ ಟ್ಯಾಂಕರ್ ಎಳೆಯುವ ಸಣ್ಣ ಡೀಸೆಲ್ ಟ್ರ್ಯಾಕ್ಟರು ಅವನ ಕೈಯಲ್ಲಿತ್ತು. ಎರಡು ಸಿಲಿಂಡರಿನದು, ಗಿಡ್ಡದು, ದುಂಡಗಿನ ಮೂತಿಯದು. ನನಗೆ ಅವನ ಗುರುತೂ ಇತ್ತು, ಟ್ರ್ಯಾಕ್ಟರಿನ ಗುರುತೂ ಇತ್ತು.

"ಕಾಕಾ, ಎಂಜಿನ್ನಾಗ ಟಕ್ ಟಕ್ ಅಂತ ಹೊಡಿಯಾಕತ್ತೈತ್ರಿ. ಒಮ್ಮೆ ಬರ್ತೈತಿ, ಒಮ್ಮೆ ಇಲ್ಲ. ಸಾಹೇಬ್ರು ಬಂದು ನಿಂತ್ರ ಅಂತೂ ಬರೋದೇ ಇಲ್ಲ."

"ಸಾಹೇಬರನ್ನ ಕಂಡ್ರ ನಾವೂ ಸುಮ್ಮನಾಗ್ತಿದ್ವಿ ಬಿಡು. ಎಂಜಿನ್ನಿಗೂ ಭಯ ಇರಬೇಕು."

ಅವನು ನಗಲಿಲ್ಲ. ಕಿಸೆಯಿಂದ ಒಂದು ಕಾಗದ ತೆಗೆದು ಕೊಟ್ಟ. ಹೊಸದಾಗಿ ವರ್ಗವಾಗಿ ಬಂದಿದ್ದ ತೋಟದ ಸೂಪರ್‌ವೈಸರು ಕೊಟ್ಟದ್ದು. ಈ ಚಾಲಕ ಎಂಜಿನ್ನಿನಲ್ಲಿ ಇಲ್ಲದ ಸದ್ದನ್ನು ಇದೆ ಎಂದು ಸುಳ್ಳು ಹೇಳಿ ಕೆಲಸ ತಪ್ಪಿಸುತ್ತಿದ್ದಾನೆ. ಶನಿವಾರದೊಳಗೆ ಸದ್ದು ತೋರಿಸದಿದ್ದರೆ ಟ್ರ್ಯಾಕ್ಟರಿನಿಂದ ಇಳಿಸಿ ಎಲೆ ಗುಡಿಸುವ ಕೆಲಸಕ್ಕೆ ಹಾಕಲಾಗುವುದು ಎಂದು ಅದರಲ್ಲಿತ್ತು.

"ಎಲಿ ಗುಡಸ್ತೀನ್ರಿ, ಅದರಾಗೇನೈತಿ," ಎಂದ. "ಆದ್ರ ಸುಳ್ಳ ಹೇಳ್ತಾನ ಅಂತ ಬರದಾರಲ್ರಿ ಕಾಕಾ. ಅದು ಫೈಲ್‌ನ್ಯಾಗ ಕೂತಬಿಡ್ತೈತಿ. ಯಾರನ್ನರ ಕರಸ್ರಿ ಅಂದ್ರು ಸಾಹೇಬ್ರು. ನಾ ನಿಮ್ಮ ಹೆಸರು ಹೇಳೀನಿ."

ನನ್ನ ಕಿವಿಯ ಕೀರ್ತಿ ಅಲ್ಲಿಗೂ ಮುಟ್ಟಿದೆ ಎಂದು ಉಬ್ಬಿದೆ. ಸ್ಟೆತಸ್ಕೋಪು ಕೊರಳಿಗೆ ಹಾಕಿಕೊಂಡು ಅವನ ಜೊತೆ ಹೊರಟೆ.

ಸೂಪರ್‌ವೈಸರು ಕರೀಂನಗರದ ಕಡೆಯ ತೆಲುಗರು. ನಮ್ಮ ಮಾತೆಲ್ಲ ಅರ್ಧ ತೆಲುಗು, ಅರ್ಧ ಹಿಂದಿ. ಇಲ್ಲಿ ಕನ್ನಡದಲ್ಲಿಯೇ ಬರೆಯುತ್ತೇನೆ, ಅವರು ತಪ್ಪು ತಿಳಿಯಲಾರರು. ಕೆಟ್ಟ ಮನುಷ್ಯರಲ್ಲ. ಟ್ಯಾಂಕರ್ ಜೋಡಿಸಿ ನಾಲ್ಕು ದಿನ ಸ್ವತಃ ಓಡಿಸಿ ನೋಡಿದ್ದರಂತೆ, ಒಂದು ದಿನವೂ ಸದ್ದು ಬಂದಿರಲಿಲ್ಲ. "ಮತ್ತೆ ನಾನು ಏನಂತ ಬರೆಯಲಿ?" ಎಂದು ಕೇಳಿದರು. ನ್ಯಾಯವೇ.

ನಾನು ಹತ್ತಿ ಕಾಲೊನಿಯನ್ನು ಎರಡು ಸುತ್ತು ಹೊಡೆದೆ. ಎಂಜಿನ್ನು ಬೆಣ್ಣೆಯಂತೆ ಓಡಿತು. ಚಾಲಕನನ್ನು ಕೂಡಿಸಿದೆವು. ಖಾಲಿ ಟ್ಯಾಂಕರು, ಇನ್ನೂ ಪೂರ್ತಿ ಕಾಯದ ಎಂಜಿನ್ನು. ಅವನಿಗೂ ಸದ್ದು ಬರಲಿಲ್ಲ. ಸೂಪರ್‌ವೈಸರು ನನ್ನ ಮುಖ ನೋಡಿದರು, ನಾನು ಚಾಲಕನ ಮುಖ ನೋಡಿದೆ, ಅವನು ಟ್ರ್ಯಾಕ್ಟರಿನ ಮುಖ ನೋಡಿದ.

"ಸದ್ದು ಕೇಳದಿದ್ದರೂ ಅದರ ವಾಸನೆ ಹಿಡಿಯಬಲ್ಲೆ," ಎಂದು ಹೇಳಿ ಟ್ರ್ಯಾಕ್ಟರನ್ನು ಶೆಡ್ಡಿಗೆ ತಂದೆ. ದೊಡ್ಡ ಮಾತು ಆಡಿದ್ದಾಗಿತ್ತು, ಇನ್ನು ಕೆಲಸ ಆಗಬೇಕಿತ್ತು.

ಡೀಸೆಲ್ ಎಂಜಿನ್ನಿನಲ್ಲಿ ಬಡಿತ ಎಂದ ಕೂಡಲೇ ಮೊದಲು ಅನುಮಾನ ಹೋಗುವುದು ನಾಜಲ್‌ಗಳ ಮೇಲೆ. ಡೀಸೆಲನ್ನು ಮಂಜಿನಂತೆ ಚಿಮ್ಮಬೇಕಾದ ನಾಜಲು ಒಳಗೆ ಹಿಡಿದುಕೊಂಡರೆ ಹನಿ ಹನಿ ಬಿಡುತ್ತದೆ, ಅದು ತಪ್ಪು ಹೊತ್ತಿನಲ್ಲಿ ಹತ್ತಿಕೊಂಡು ಬಡಿಯುತ್ತದೆ. ಯಾವ ಸಿಲಿಂಡರಿನದು ಎಂದು ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಪೈಪಿನ ನಟ್ಟು ಸಡಿಲಿಸಿ ನೋಡುತ್ತೇವೆ. ಸದ್ದು ಎಲ್ಲಿ ನಿಲ್ಲುತ್ತದೋ ಅಲ್ಲಿ ಕಳ್ಳ. ಆದರೆ ಸದ್ದೇ ಇಲ್ಲದಿದ್ದಾಗ ನಿಲ್ಲುವುದಾದರೂ ಏನು? ಎರಡೂ ನಾಜಲು ಬಿಚ್ಚಿ ಪಕ್ಕದ ಗಲ್ಲಿಯ ಪಂಪ್ ಭಾಯಿಯ ಹತ್ತಿರ ಒಯ್ದೆ. ಪಂಪು, ನಾಜಲು ಬಿಟ್ಟು ಜೀವನದಲ್ಲಿ ಬೇರೇನನ್ನೂ ಮುಟ್ಟದ ಮನುಷ್ಯ ಅವನು. ಅವನ್ನು ಪರೀಕ್ಷೆಯ ಪಂಪಿಗೆ ಹಚ್ಚಿ, ಹಿಡಿಕೆ ಒತ್ತಿ ಒತ್ತಿ ನೋಡಿದ. ಎರಡೂ ಬೆಳಗಿನ ಮಂಜಿನ ಹಾಗೆ ಚಿಮ್ಮಿದವು.

"ಉಸ್ತಾದ್, ಮೂಹ್ ಸಾಫ್ ಹೈ. ಪೇಟ್ ದೇಖೋ," ಎಂದ. ಬಾಯಿ ಸ್ವಚ್ಛ ಇದೆ, ಹೊಟ್ಟೆ ನೋಡು. ಎಂಜಿನ್ನಿನ ವಿಷಯವೇ ಹೇಳಿದನೋ ನನ್ನ ವಿಷಯ ಹೇಳಿದನೋ, ಆ ಭಾಯಿಯದು ಗೊತ್ತಾಗುವುದಿಲ್ಲ.

ಮಂಗಳವಾರ ಕವಾಟಗಳನ್ನು ಒತ್ತುವ ಟ್ಯಾಪೆಟ್ಟುಗಳ ಸಂದು ಅಳೆದೆ, ಕೂದಲೆಳೆಯಷ್ಟು ಸರಿಪಡಿಸಿದೆ. ಮುಂದಿನ ಪುಲ್ಲಿಯ ನಟ್ಟು, ಫ್ಯಾನು, ಎಂಜಿನ್ನು ಕೂತ ಬೋಲ್ಟುಗಳು ಎಲ್ಲ ಬಿಗಿ ಇದ್ದವು. ಬುಧವಾರ ಹೊಟ್ಟೆಗೇ ಕೈ ಹಾಕಿದೆ. ಕೆಳಗಿನ ಎಣ್ಣೆಯ ಚೇಂಬರು ಇಳಿಸಿ, ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ಬಿಸಿಲಿಗೆ ಹಿಡಿದೆ. ಬೇರಿಂಗು ಸವೆದಿದ್ದರೆ ಅದರಲ್ಲಿ ಬಂಗಾರದ ಪುಡಿಯಂತೆ ಮಿನುಗು ಕಾಣಬೇಕು. ಏನೂ ಇರಲಿಲ್ಲ. ಬೇರಿಂಗಿನ ಟೊಪ್ಪಿಗಳನ್ನು ಒಂದೊಂದಾಗಿ ಬಿಚ್ಚಿದೆ; ಒಳಗಿನ ಹೊದಿಕೆ ಮದುವೆಯ ಹೊಸ ಪಾತ್ರೆಯಂತೆ ನುಣ್ಣಗಿತ್ತು. ಮತ್ತೆ ಎಲ್ಲ ಕೂಡಿಸಿ, ಸ್ಟೆತಸ್ಕೋಪಿನ ಸರಳನ್ನು ಎಂಜಿನ್ನಿನ ಮೈಯೆಲ್ಲ ಒತ್ತಿ ಒತ್ತಿ ಗಂಟೆಗಟ್ಟಲೆ ಕೇಳಿದೆ. ಆರೋಗ್ಯವಂತ ಎಂಜಿನ್ನು! ಅಷ್ಟು ಆರೋಗ್ಯವಂತ ಎಂಜಿನ್ನನ್ನು ಕಂಡು ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

ಸಂಜೆ ಸೂಪರ್‌ವೈಸರು ಫೋನು ಮಾಡಿದರು. "ಪೆದ್ದಾಯನಾ, ಸಿಕ್ಕಿತೇ?" ಪೆದ್ದಾಯನಾ ಎಂದರೆ ತೆಲುಗಿನಲ್ಲಿ ಹಿರಿಯರೇ ಎಂದು. ಆವತ್ತು ಮುದುಕಪ್ಪಾ ಎಂದ ಹಾಗೆ ಕೇಳಿಸಿತು.

ಹೇಳಿಕೊಳ್ಳಲು ಹೆಮ್ಮೆಯಲ್ಲ, ಆದರೆ ಆ ಸಂಜೆ ನಾನು ಚಾಲಕನಿಗೆ ಒಂದು ದಾರಿ ತೋರಿಸಿದೆ. "ತಮ್ಮಾ, ಒಂದ್ ಕೆಲಸ ಮಾಡು. ಟ್ಯಾಪೆಟ್ ಸದ್ದಿತ್ತು, ಈಗ ಹೋತು ಅಂತ ನಾ ಬರದು ಕೊಡ್ತೀನಿ. ನೀ ಹೌದು ಅನ್ನು. ಎಲ್ಲಾರೂ ಗೆದ್ದಂಗ."

"ಹೋಗಿಲ್ಲಲ್ರಿ ಅದು."

"ಹೋಗೇತಿ ಅನ್ನು."

"ಹೋಗದ ಹೆಂಗ ಅನ್ಲಿರಿ ಕಾಕಾ?"

ಹಟ ಇರಲಿಲ್ಲ ಅವನ ದನಿಯಲ್ಲಿ. ನಿಜವಾಗಿಯೂ ಹೇಗೆ ಅನ್ನುವುದು ಎಂದು ಗೊತ್ತಿಲ್ಲದೆ ಕೇಳುತ್ತಿದ್ದ. ನಾನು ಹುಟ್ಟಿದಾಗಿನಿಂದ ಬಲ್ಲ ವಿದ್ಯೆ ಅದು, ಅವನಿಗೆ ಅ ಆ ಇ ಈ ಕೂಡ ಬರುತ್ತಿರಲಿಲ್ಲ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ನನ್ನ ಕಿವಿಗೆ ಸದ್ದು ಕೇಳಿಲ್ಲ, ನಿಜ. ಆದರೆ ಈ ಮನುಷ್ಯ ಇದೆ ಎನ್ನುತ್ತಾನೆ. ಎರಡರಲ್ಲಿ ಯಾವುದನ್ನು ನಂಬಬೇಕು? ಮೆಹದಿಪಟ್ಟಣದಲ್ಲಿ ಬಸ್ಸು ಇಳಿಯುವಷ್ಟರಲ್ಲಿ ತೀರ್ಮಾನ ಮಾಡಿದ್ದೆ: ನಾಳೆ ಪಾನಾ, ಸುತ್ತಿಗೆ ಮುಟ್ಟುವುದಿಲ್ಲ. ಎಂಜಿನ್ನನ್ನು ಬಿಟ್ಟು ಅವನನ್ನು ನೋಡುತ್ತೇನೆ.

ಗುರುವಾರ ಬೆಳಿಗ್ಗೆಯೇ ಟ್ರ್ಯಾಕ್ಟರನ್ನು ಕಾಲೊನಿಗೆ ವಾಪಸು ಒಯ್ದು ಅದರ ಮಡ್‌ಗಾರ್ಡಿನ ಮೇಲೆ ಕೂತೆ. ಪೂರ್ತಿ ಪಾಳಿ ಅವನ ಜೊತೆ, ಬಾಯಿ ಮುಚ್ಚಿಕೊಂಡು. ಇಡೀ ವಾರದಲ್ಲಿ ಅತಿ ಕಷ್ಟದ ಕೆಲಸ ಅದೇ.

ಅವನು ಓಡಿಸುವುದನ್ನು ನೀವು ನೋಡಬೇಕಿತ್ತು. ಚಾಲೂ ಮಾಡಿದ ಮೇಲೆ ಎಣ್ಣೆ ಮೇಲಕ್ಕೆ ಏರುವಷ್ಟು ಹೊತ್ತು ಸುಮ್ಮನೆ ಕಾಯುತ್ತಿದ್ದ. ಗೇರು ಹಾಕಿದ್ದು ನನಗೆ ಕಂಡಿತೇ ಹೊರತು ಮೈಗೆ ಗೊತ್ತಾಗಲಿಲ್ಲ. ಟ್ಯಾಂಕರಿನ ಮೇಲಿನ ಮುಚ್ಚಳ ಯಾವ ಕಾಲದಲ್ಲೋ ಕಳೆದುಹೋಗಿತ್ತು. ಬಾಯ್ದೆರೆದ ಟ್ಯಾಂಕರನ್ನು ತುಂಬಾ ತುಂಬಿಸಿಕೊಂಡು ಉಬ್ಬು ದಾಟಿದರೂ ಹಿಂದೆ ರಸ್ತೆಯ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ನಾನು ಎಂಜಿನ್ನುಗಳ ಜೊತೆ ಮುದುಕನಾದವನು. ಎಂಜಿನ್ನಿಗೆ ಇಷ್ಟು ಮರ್ಯಾದೆ ಕೊಟ್ಟು ಓಡಿಸುವವರನ್ನು ಒಂದು ಕೈ ಬೆರಳಲ್ಲಿ ಎಣಿಸಬಹುದು, ಅದರಲ್ಲೂ ಎರಡು ಬೆರಳು ಉಳಿಯುತ್ತವೆ.

ಮೂರನೆಯ ಖೇಪಿನಲ್ಲಿ, ಟ್ಯಾಂಕರು ಅರ್ಧ ಖಾಲಿಯಾಗಿತ್ತು, ಎಂಜಿನ್ನು ಚೆನ್ನಾಗಿ ಕಾದಿತ್ತು. ನೀರಿನ ಟಾಕಿಯ ಹಿಂದಿನ ಸಣ್ಣ ಏರಿನಲ್ಲಿ ಅವನು ಆಕ್ಸಿಲೇಟರು ತುಸುವೇ ತಗ್ಗಿಸಿದ.

ಟಕ್. ಟಕ್ ಟಕ್. ಟಕ್.

"ಬಂತ್ರಿ," ಎಂದ, ಮನೆಗೆ ನೆಂಟರು ಬಂದ ಹಾಗೆ.

ನಾನು ಮಡ್‌ಗಾರ್ಡಿನಿಂದ ಬೀಳುವುದೊಂದು ಬಾಕಿ. "ನಿಂದರ್ಸು! ನಾ ಹೊಡೀತೀನಿ, ಇಳಿ!" ನಾನು ಸೀಟಿನಲ್ಲಿ ಕೂತು ಅದೇ ಏರಿನಲ್ಲಿ ಹೊರಟೆ. ಸದ್ದಿಲ್ಲ. ಅವನು ಕೂತ, ಸದ್ದು ಬಂತು. ನಾನು ಕೂತೆ, ಹೋಯಿತು. ನಾಲ್ಕು ಸಲ ಅದಲು ಬದಲಾದೆವು. ನನ್ನ ಬುದ್ಧಿ ನಿಮಗೆ ಗೊತ್ತೇ ಇದೆ: ಇವನು ನಾಲಗೆಯಿಂದಲೇ ಟಕ್ ಟಕ್ ಮಾಡುತ್ತಿದ್ದಾನೆಯೇ ಎಂದು ಅನುಮಾನ ಬಂತು. ನಾನಾಗಿದ್ದರೆ ಮಾಡುತ್ತಿದ್ದೆ. ಅವನ ಬಾಯನ್ನೇ ದಿಟ್ಟಿಸಿದೆ. ಬಾಯಿ ಮುಚ್ಚಿತ್ತು. ಕೈ ನೋಡಿದೆ, ಸ್ಟೇರಿಂಗಿನ ಮೇಲಿದ್ದವು. ಕಡೆಗೆ ಕಾಲು ನೋಡಿದೆ.

ಅವನ ಎಡಗಾಲು ಕ್ಲಚ್ಚಿನ ಪಕ್ಕ, ಕೆಳಗಿನ ತಗಡಿನ ಮೇಲೆ ಇತ್ತು. ಪೂರ್ತಿ ಅಂಗಾಲು ಊರಿ, ದೇವರ ಮುಂದೆ ನಿಂತ ಹಾಗೆ.

ನನ್ನ ಎಡಗಾಲು ಎಲ್ಲಿತ್ತು? ನೆನಪಾಗಲಿಲ್ಲ. ಮತ್ತೆ ಕೂತು ಓಡಿಸಿ ನೋಡಿಕೊಂಡೆ. ಕ್ಲಚ್ಚಿನ ಮೇಲೆ! ಒತ್ತಿರಲಿಲ್ಲ, ಸುಮ್ಮನೆ ಆರಾಮಾಗಿ ಇಟ್ಟಿತ್ತು. ಈ ಊರಿನಲ್ಲಿ ಹೆಜ್ಜೆಗೊಮ್ಮೆ ನಿಲ್ಲುವ ರಸ್ತೆಗಳಲ್ಲಿ ಗಿರಾಕಿಗಳ ಜೀಪು ಓಡಿಸಿ ಓಡಿಸಿ ಎಡಗಾಲಿಗೆ ಕ್ಲಚ್ಚೇ ತವರುಮನೆಯಾಗಿದೆ.

"ಕ್ಲಚ್ ಮ್ಯಾಲ ಕಾಲ ಇಟಗೊಂಡು ಹೊಡಿ ನೋಡೋಣು," ಎಂದೆ.

ಅವನು ಮುಖ ಕಿವುಚಿದ. "ಬ್ಯಾಡ್ರಿ ಕಾಕಾ. ನನಗ ಕಲಿಸಿದಾವ್ರು ತೊಗರಿ ಕಟಗಿ ಹಿಡಕೊಂಡು ಬಾಜೂ ಕುಂದರ್ತಿದ್ರು. ಕಾಲು ಕ್ಲಚ್ ಮ್ಯಾಲ ಉಳೀತಂದ್ರ ಮೊಣಕಾಲಿಗೆ ಬೀಳ್ತಿತ್ತು. ಇನ್ನೂ ಕಲೆ ಐತಿ ನೋಡ್ರಿ."

"ಈಗ ಹೊಡಿಯಾವ್ರು ಯಾರಿಲ್ಲ. ಒಂದ್ ಸಲ ಇಡು."

ಪಾಪ ಮಾಡುವವನಂತೆ ಇಟ್ಟ. ಸದ್ದು ನಿಂತಿತು. ತೆಗೆದ. ಟಕ್. ಇಟ್ಟ. ಇಲ್ಲ. ನಾನು ಅಲ್ಲೇ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟೆ. ಇಷ್ಟು ದಿನ ಸೂಪರ್‌ವೈಸರಿಗೆ, ನನಗೆ, ಸದ್ದು ಕೇಳದಿದ್ದದ್ದು ನಮ್ಮ ಕಾಲಿನಿಂದ. ಸರಿಯಾಗಿ ಓಡಿಸುತ್ತಿದ್ದವನು ಅವನೊಬ್ಬನೇ, ಅದಕ್ಕೇ ಅವನೊಬ್ಬನಿಗೇ ಕೇಳುತ್ತಿತ್ತು.

ರೋಗವೂ ಆಗ ಹೊಳೆಯಿತು. ಎಂಜಿನ್ನಿನ ಹಿಂಭಾಗದಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರವಿದೆ. ಎಂಜಿನ್ನಿನ ಜೊತೆಗೇ ತಿರುಗುವಂತೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಕ್ಲಚ್ಚು ಕೂರುವುದು ಅದರ ಬೆನ್ನ ಮೇಲೆ. ಆ ಬೋಲ್ಟು ಎಳೆಯಷ್ಟು ಸಡಿಲವಾದರೂ ಚಕ್ರ ಅಲುಗಾಡಿ ಬಡಿಯುತ್ತದೆ. ಆದರೆ ಕ್ಲಚ್ಚಿನ ಮೇಲೆ ಕಾಲಿನ ಭಾರ ಬಿದ್ದರೆ ಅದು ಚಕ್ರವನ್ನು ಎಂಜಿನ್ನಿನ ಕಡೆಗೆ ಒತ್ತಿ ಹಿಡಿಯುತ್ತದೆ. ಅಳುವ ಮಗುವಿನ ಬಾಯಿಗೆ ಕೈ ಒತ್ತಿದ ಹಾಗೆ.

ಇದನ್ನು ಸೂಪರ್‌ವೈಸರಿಗೆ ಹೇಳಿದರೆ ನಂಬಬೇಕಲ್ಲ? "ನಾನು ಕ್ಲಚ್ಚಿನ ಮೇಲೆ ಕಾಲು ಇಡುವವನೇ ಅಲ್ಲ," ಎಂದರು. ಸುಳ್ಳು ಹೇಳುತ್ತಿರಲಿಲ್ಲ, ನನ್ನ ಹಾಗೆ ಅವರಿಗೂ ತಮ್ಮ ಕಾಲಿನ ಸುದ್ದಿ ಗೊತ್ತಿರಲಿಲ್ಲ. ಇಂಥ ಕಡೆ ನನ್ನ ಹಳೆಯ ವಿದ್ಯೆ ಉಪಯೋಗಕ್ಕೆ ಬರುತ್ತದೆ.

ಫಿಟ್ಟರುಗಳ ಹತ್ತಿರ ಒಂದು ನೀಲಿ ಬಣ್ಣದ ಅಂಟು ಇರುತ್ತದೆ. ಎರಡು ಲೋಹದ ಮೈಗಳು ಎಲ್ಲೆಲ್ಲಿ ತಾಗುತ್ತವೆ ಎಂದು ನೋಡಲು ಒಂದಕ್ಕೆ ತೆಳ್ಳಗೆ ಸವರಿ ಇನ್ನೊಂದನ್ನು ಒತ್ತುತ್ತೇವೆ. ತಾಗಿದಲ್ಲಿ ನೀಲಿ ಮೂಡುತ್ತದೆ. ಶುಕ್ರವಾರ ಬೆಳಿಗ್ಗೆ ಯಾರೂ ನೋಡದಂತೆ ಆ ನೀಲಿಯನ್ನು ಕ್ಲಚ್ಚಿನ ಪಕ್ಕದ ತಗಡಿಗೆ, ಎಡಗಾಲು ಊರಬೇಕಾದ ಜಾಗಕ್ಕೆ, ಸವರಿದೆ. ಮೊದಲು ಚಾಲಕ ಅರ್ಧ ತುಂಬಿದ ಟ್ಯಾಂಕರು ಕಟ್ಟಿಕೊಂಡು ನಾಲ್ಕು ಸುತ್ತು ಹಾಕಿ ಎಂಜಿನ್ನು ಕಾಯಿಸಿದ. ಕಾಲಿಗೆ ಏನೋ ಅಂಟಿದ್ದು ಅವನಿಗೆ ಗೊತ್ತಾಯಿತು, ನನ್ನ ಕಡೆ ನೋಡಿದ, ನಾನು ಆಕಾಶ ನೋಡಿದೆ. ಮತ್ತೆ ನೀಲಿ ಸವರಿ ಸೂಪರ್‌ವೈಸರನ್ನು ಕೂಡಿಸಿದೆ. ಅವರು ಏರು ಹತ್ತಿ ಇಳಿದು ಬಂದರು. ಸದ್ದಿರಲಿಲ್ಲ.

"ಸಾಹೇಬ್ರ, ಎಡಗಾಲು ಎಲ್ಲಿತ್ತು?"

"ಕೆಳಗೆ. ತಗಡಿನ ಮೇಲೆ."

"ಬೂಟಿನ ಅಡಿ ಸ್ವಲ್ಪ ತೋರಿಸ್ತೀರಾ?"

ತೋರಿಸಿದರು. ಶುಭ್ರ. ಚಾಲಕನಿಗೆ ಚಪ್ಪಲಿ ತಿರುವಿ ಹಿಡಿಯಲು ಹೇಳಿದೆ. ಹಿಮ್ಮಡಿಯಿಂದ ಬೆರಳಿನತನಕ ಗಾಢ ನೀಲಿ.

ಸೂಪರ್‌ವೈಸರು ಒಮ್ಮೆ ಬೂಟು, ಒಮ್ಮೆ ಚಪ್ಪಲಿ, ಒಮ್ಮೆ ತಗಡು ನೋಡಿದರು. ಮತ್ತೆ ಹತ್ತಿದರು. ಈ ಸಲ ಎಡಗಾಲನ್ನು ಬೇಕೆಂದೇ ನೀಲಿಯಲ್ಲಿ ಊರಿ ಏರಿಗೆ ಹೊರಟರು. ಅರ್ಧ ಏರಿನಲ್ಲಿ ಟ್ರ್ಯಾಕ್ಟರು ನಿಂತಿತು. ಅವರು ಇಳಿದು ಬರಲು ತುಸು ಹೊತ್ತು ಹಿಡಿಯಿತು. ಬಂದವರು ಚಾಲಕನಿಗೆ, "ಇದೇನಾ?" ಎಂದರು.

"ಇದೇರಿ," ಎಂದ. ಅಷ್ಟೇ. ನಾನು ಹೇಳಲಿಲ್ಲವೇ ಎನ್ನಲಿಲ್ಲ, ನಗಲಿಲ್ಲ, ನಿಟ್ಟುಸಿರು ಬಿಡಲಿಲ್ಲ. ನಾನಾಗಿದ್ದರೆ ಆ ಗೆಲುವನ್ನು ಹತ್ತು ವರ್ಷ ಮಾರುತ್ತಿದ್ದೆ.

ಶನಿವಾರ ಶೆಡ್ಡಿನಲ್ಲಿ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ತುಂಡು ಮಾಡಿ, ಎಂಜಿನ್ನನ್ನು ಮುಂದಕ್ಕೆ ಎಳೆದೆವು. ಸೂಪರ್‌ವೈಸರು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದರು. ಕ್ಲಚ್ಚು ಇಳಿಸಿದರೆ ಫ್ಲೈವೀಲಿನ ಆರು ಬೋಲ್ಟುಗಳಲ್ಲಿ ಎರಡು ಬೆರಳಿಗೇ ತಿರುಗಿದವು. ಬೋಲ್ಟು ಕದಲದಂತೆ ಅದರ ತಲೆಗೆ ಮಡಚಿ ಕೂಡಿಸುವ ತಗಡಿನ ಲಾಕ್ ಪ್ಲೇಟು ಇರುತ್ತದೆ. ಒಮ್ಮೆ ಮಡಚಿದ್ದನ್ನು ಬಿಚ್ಚಿದರೆ ಎಸೆದು ಹೊಸದು ಹಾಕಬೇಕು. ಇಲ್ಲಿ ಹಳೆಯದನ್ನೇ ಸುತ್ತಿಗೆಯಿಂದ ತಟ್ಟಿ ನೇರ ಮಾಡಿ, ಮತ್ತೆ ಮಡಚಿದ್ದರು. ಅದರ ಎರಡು ಕಿವಿ ಮುರಿದು ಹೋಗಿದ್ದವು.

"ಹಿಂದೆ ಇದನ್ನು ಬಿಚ್ಚಿದವರು ಯಾರು?" ಸೂಪರ್‌ವೈಸರು ಚಾಲಕನನ್ನು ಕೇಳಿದರು. ಹೋದ ಮಳೆಗಾಲದಲ್ಲಿ ಕ್ಲಚ್ ಪ್ಲೇಟು ಬದಲಾಯಿಸಿದ್ದರು, ಆಗ ಈ ಸೂಪರ್‌ವೈಸರು ಇನ್ನೂ ಬಂದಿರಲಿಲ್ಲ. ಚಾಲಕ ತಲೆ ತಗ್ಗಿಸಿ ತನ್ನ ನೀಲಿ ಚಪ್ಪಲಿ ನೋಡತೊಡಗಿದ. ನಾನೇ ಬಾಯಿ ಹಾಕಿ, ಬಾಲಾನಗರದ ಕಡೆಯ ಒಬ್ಬ ಮೆಕ್ಯಾನಿಕ್ಕು, ಕಿವಿಯವರೆಗೆ ಮೀಸೆ ಬಿಟ್ಟವನು, ಬಾಯಿ ದೊಡ್ಡದು, ಕೆಲಸ ಅವಸರದ್ದು ಎಂದು ಹೇಳಿದೆ. ಅವನನ್ನು ಇನ್ನೂ ನಾಲ್ಕು ಮಾತು ಬೈದೆ.

ಸವೆದ ತೂತುಗಳನ್ನು ಕೊರೆಸಿ ಸರಿಮಾಡಿ, ಹೊಸ ಬೋಲ್ಟು, ಹೊಸ ಲಾಕ್ ಪ್ಲೇಟು ಹಾಕಿ ಸಂಜೆಗೆ ಕೂಡಿಸಿದೆವು. ಆ ಏರಿನಲ್ಲಿ ಚಾಲಕ ತುಂಬಿದ ಟ್ಯಾಂಕರು, ಅರ್ಧ ಟ್ಯಾಂಕರು, ಖಾಲಿ ಟ್ಯಾಂಕರು ಮೂರೂ ಎಳೆದ. ಸೂಪರ್‌ವೈಸರು ತಾವು ಬರೆದಿದ್ದ ಕಾಗದವನ್ನು ಹರಿಯಲಿಲ್ಲ. ಅದರ ಕೆಳಗೇ ತಮ್ಮ ಕೈಯಿಂದ, ಚಾಲಕ ಹೇಳಿದ್ದು ನಿಜ, ತಪ್ಪಿದ್ದು ನಾನು ಎಂದು ಬರೆದು ಸಹಿ ಹಾಕಿದರು. ಮನುಷ್ಯ ಎಂದರೆ ಹಾಗಿರಬೇಕು.

ಇಷ್ಟೆಲ್ಲದರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ ಒಂದು. ನೀಲಿ ಎಂದುಕೊಂಡಿರಾ? ನೀಲಿ ನಿಜ, ತಗಡಿನ ಸಂದಿಯಲ್ಲಿ ಇನ್ನೂ ಉಳಿದಿದೆ. ಒಂದು ಹನಿ ಚೆಲ್ಲದ ಟ್ಯಾಂಕರೂ ನಿಜ. ಮೀಸೆಯವನು ಸುಳ್ಳು. ಬಾಲಾನಗರದಲ್ಲಿ ಹುಡುಕಬೇಡಿ. ಹೋದ ಮಳೆಗಾಲದಲ್ಲಿ ಆ ಕ್ಲಚ್ಚು ಹಾಕಿದ್ದು ಇದೇ ಶೆಡ್ಡಿನಲ್ಲಿ, ಇದೇ ಕೈ. ಹೊಸ ಲಾಕ್ ಪ್ಲೇಟು ತರಲು ಬೇಸರಪಟ್ಟು, "ಇದು ಇನ್ನೂ ಹತ್ತು ವರ್ಷ ಬಾಳ್ತೈತಿ ತಮ್ಮಾ," ಎಂದು ಸುತ್ತಿಗೆ ತಟ್ಟಿದ್ದೆ. ಪಕ್ಕದಲ್ಲಿ ಪಾನಾ ಹಿಡಿದು ನಿಂತಿದ್ದವನು ಆ ಚಾಲಕನೇ.

ಸೂಪರ್‌ವೈಸರು ಕೇಳಿದಾಗ ಅವನು ತಲೆ ತಗ್ಗಿಸಿದ್ದು ಅದಕ್ಕೇ; ಸುಳ್ಳು ಹೇಳಲು ಬಾರದವನು ನನ್ನ ಸಲುವಾಗಿ ಮಾತು ನುಂಗಿದ. ಆಗ ನಾನೇ ಬಾಯಿ ಹಾಕಿದ್ದು ನಿಜ. ಆದರೆ ಹೇಳಿದ್ದು, "ನಾನು."

ಸೂಪರ್‌ವೈಸರು ಜೋರಾಗಿ ನಕ್ಕುಬಿಟ್ಟರು. "ಪೆದ್ದಾಯನಾ, ನಿಮ್ಮ ತಮಾಷೆ ಇನ್ನು ಸಾಕು. ಯಾರು ಅಂತ ಸರಿಯಾಗಿ ಹೇಳಿ."

ಚಾಲಕ ಆಗ ತಲೆ ಎತ್ತಿದ.

"ಇಲ್ರಿ ಸಾಹೇಬ್ರ, ಕಾಕಾ ಖರೇನೇ ಹೇಳಾಕತ್ತಾರ," ಎಂದ.

ಸಾಹೇಬರು ನಗು ನಿಲ್ಲಿಸಿದರು. ಅವನು ಹೇಳಿದ್ದಕ್ಕೆ ನಂಬಿದರು.